ಲಂಟಾನ ಬೇಲಿಯನ್ನು ತೆಗೆದು ಬದಲಿ ಬೇಲಿಯನ್ನು ಬೆಳೆಸುವ ಕ್ರಮ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹಂದನಕೆರೆ ಹೋಬಳಿಯಲ್ಲಿ ತೆಂಗಿನ ತೋಟವು ಜಮೀನುದಾರರ ಮುಖ್ಯವಾದ ಆಸ್ತಿ. ಬೇಲಿಯಿಲ್ಲದ ತೋಟದಲ್ಲಿ ಎಳೆಯ ಸಸಿಗಳು ದನಕರುಗಳ ಬಾಯಿಗೆ ಬೀಳುವುದರಿಂದ ಬೇಲಿಯು ಅವಶ್ಯಕವೇ ಸರಿ. ಆದರೆ ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಗಾದೆಯು ಲಂಟಾನದ ವಿಷಯದಲ್ಲಿ ನಿಜವಾಗಿದೆ.

ಈ ಗಿಡವು ಅಮೆರಿಕಾ ಖಂಡದ ಉಷ್ಣಪ್ರದೇಶಕ್ಕೆ ಸೇರಿದ್ದು. ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಇದನ್ನು ಹೂವಿನ ಅಂದಕ್ಕಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತರಿಸಲಾಯಿತು. ಹಕ್ಕಿಗಳು ಹಣ್ಣನ್ನು ತಿಂದು ಬೀಜವನ್ನು ದೂರದೂರಕ್ಕೆ ಒಯ್ದವು. ಇದನ್ನು ಅಡಗಿಸುವ ಉದ್ದೇಶದಿಂದ 1921ರಲ್ಲಿ ಹವಾಯಿ ದ್ವೀಪಗಳಿಂದ ಒಂದು ಬಗೆಯ ಸಣ್ಣ ನೊಣವನ್ನು ತರಿಸಲಾಯಿತು. ನೊಣವು ನೆಲೆಸಿತೇ ಹೊರತು ಗಿಡವು ಅಡಗಲಿಲ್ಲ. ಆದಕಾರಣ ಸಾಗುವಳಿದಾರರ ಗುದ್ದಲಿಯೇ ಇದಕ್ಕೆ ಮುಖ್ಯ ಉಪಾಯವಾಗಿದೆ.

ಇದರಿಂದಾಗುವ ಹಾನಿ

ಬೇಲಿಯು ವರ್ಷೇ ವರ್ಷೇ ಒಳಕ್ಕೆ ಹಬ್ಬಿ ಭೂಮಿಯನ್ನು ಆಕ್ರಮಿಸುವುದು. ಪೊದೆಗಳಲ್ಲಿ ಕಾಡುಹಂದಿಗಳು ಅಡಗುವುವು. ಬೇಸಗೆಯಲ್ಲಿ ಬೆಂಕಿಯು ಬೇಗನೆ ಹರಡುವುದು. ಇವೆಲ್ಲಕ್ಕಿಂತಲೂ ದೊಡ್ಡದು ದನಗಳಿಗೆ ತಗಲುವ ವಿಷ. ಮೇವಿನ ಅಭಾವದಲ್ಲಿ ಇದರ ಸೊಪ್ಪನ್ನು ಮೇಯ್ದ ದನವು ಮೇವು ಬಿಡುವುದು, ಈಲಿ ಕೆಟ್ಟು ಕಣ್ಣು ಹಳದಿಯಾಗುವುದು, ಬಿಸಿಲು ತಾಗಿದ ಕಡೆ ಚರ್ಮವು ಸುಲಿಯುವುದು. ಅಂಥ ದನವನ್ನು ತತ್‌ಕ್ಷಣ ನೆರಳಿನಲ್ಲಿ ಕಟ್ಟಿ ಪಶುವೈದ್ಯರಿಗೆ ತೋರಿಸತಕ್ಕದ್ದು.

ತೆಗೆಯುವ ಕ್ರಮ

ಮೇಲೆ ಕಡಿಯುವುದರಿಂದ ಪ್ರಯೋಜನವಿಲ್ಲ. ಕಡಿದ ಬುಡದಿಂದ ಹತ್ತಾರು ಚಿಗುರುಗಳು ಏಳುವುವು. ಚಿಗುರೊಡೆಯುವ ಭಾಗವು ಕಾಂಡವೂ ಬೇರೂ ಕೂಡುವ ಸ್ಥಳದಲ್ಲಿದೆ. ಮುಂಗಾರಿನಿಂದ ನೆಲವು ನೆನೆದ ಮೇಲೆ, ಕಾಯಿ ಹಣ್ಣಾಗುವುದಕ್ಕೆ ಮುಂಚೆ, ಬುಡದ ಮಣ್ಣನ್ನು ಬಿಡಿಸಿ ನೆಲದ ಮಟ್ಟಕ್ಕಿಂತ 2-3 ಅಂಗುಲ ಕೆಳಗೆ ತಾಯಿಬೇರನ್ನು ಕಡಿಯಬೇಕು. ಕಿತ್ತ ಗಿಡವನ್ನು ಬೇರು ಮೇಲಾಗಿ ನಿಲ್ಲಿಸಿ ಒಣಗಿಸಬೇಕು. ಹಸಿ ನೆಲದ ಮೇಲೆ ಹಾಗೆಯೇ ಬಿಟ್ಟರೆ ಕೊಂಬೆಗಳು ಪುನಃ ಬೇರು ಬಿಡುವ ಸಂಭವವುಂಟು.

ಇಡೀ ಬೇಲಿಯನ್ನು ಒಂದೇ ಸಲಕ್ಕೆ ಕೀಳಬಾರದು, ತೋಟವು ಬಯಲಾಗುವುದು. ಒಂದೊಂದು ಪಕ್ಕವನ್ನಾಗಿ ತೆಗೆದು, ಹೊಸ ಗಿಡಗಳು ಬಲಿಯುವವರೆಗೆ ಒಣಮುಳ್ಳನ್ನು ಕಟ್ಟಬೇಕು.

ಬದಲಿ ಗಿಡಗಳು

ತೆಗೆದ ಮಳೆಗಾಲದಲ್ಲಿಯೇ ಹೊಸ ಬೇಲಿಯನ್ನು ನೆಡಬೇಕು. ಬರಿದಾದ ನೆಲದಲ್ಲಿ ಲಂಟಾನದ ಬೀಜವೇ ಮೊದಲು ಮೊಳೆಯುವುದು. ಲಕ್ಕಿ ಮತ್ತು ಆಡುಸೋಗೆ ಇವೆರಡೂ ಈ ದೇಶದ ಗಿಡಗಳೇ. ಇವುಗಳನ್ನು ದನಗಳು ಸಾಮಾನ್ಯವಾಗಿ ಮೇಯುವುದಿಲ್ಲ. ಎರಡನ್ನೂ ಬಲಿತ ಕಡ್ಡಿಗಳಿಂದ ಬೆಳೆಸಬಹುದು. ಒಂದು ಅಡಿ ಅಂತರದಲ್ಲಿ ಎರಡು ಸಾಲುಗಳಾಗಿ, ಒಂದರ ಸಂದಿಗೆ ಮತ್ತೊಂದು ಬರುವಂತೆ ನೆಟ್ಟರೆ ಬೇಲಿಯು ದಟ್ಟವಾಗುವುದು. ನಡುನಡುವೆ ಹೊಂಗೆಯನ್ನಾಗಲಿ ಗೊಬ್ಬರದ ಗಿಡವನ್ನಾಗಲಿ ಹಾಕಿದರೆ ತೆಂಗಿನ ಪಾತಿಗೆ ಹಸಿರುಸೊಪ್ಪು ದೊರೆಯುವುದು. ಬಳ್ಳಾರಿ ಜಾಲಿಯನ್ನು ಮಾತ್ರ ಹಾಕಕೂಡದು. ಅದೂ ಲಂಟಾನದಂತೆಯೇ ಹಬ್ಬುವ ಪರದೇಶದ ಗಿಡ.

ಗ್ರಾಮಸ್ಥರ ಸಹಕಾರ

ಎರಡು ಮೂರು ವರ್ಷಗಳವರೆಗೆ ಮಳೆಯಾದಾಗಲೆಲ್ಲ ಹೊಸದಾಗಿ ಹುಟ್ಟುವ ಸಸಿಗಳನ್ನು ಕೈಯಿಂದ ಕೀಳುತ್ತಿರಬೇಕು. ಒಬ್ಬನು ತೆಗೆದು ನೆರೆಯವನು ಬಿಟ್ಟರೆ ಹಕ್ಕಿಗಳು ಪುನಃ ಬೀಜವನ್ನು ತರುವುವು. ಆದ್ದರಿಂದ ಗ್ರಾಮದ ಮುಖಂಡರು ಅಕ್ಕಪಕ್ಕದ ಹಿಡುವಳಿದಾರರನ್ನು ಸೇರಿಸಿ, ದಾರಿಯ ಬದಿ ಮತ್ತು ಗೋಮಾಳದ ಪೊದೆಗಳನ್ನೂ ಒಟ್ಟಿಗೆ ತೆಗೆಯಿಸುವುದು ಅತ್ಯಾವಶ್ಯಕ.