ತಕರಾರಿನ ಲೆಕ್ಕ

ಕೃಷಿ ವಿಜ್ಞಾನ ಕೇಂದ್ರದಿಂದ ಬೆಳಗಾವಿ ಜಿಲ್ಲೆಯ ರೈತರಿಗೆ ಪರಿಚಿತವಾದ ತುಕ್ಕಾನಟ್ಟಿಯ ಸುತ್ತಲಿನ ಗೋಕಾಕ-ಮೂಡಲಗಿ ಸೀಮೆಯು ಘಟಪ್ರಭೆಯನ್ನು ನೆಚ್ಚಿ ಬದುಕುವ ನಾಡು. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದ ನೀರು ಧುಪದಾಳದಿಂದ ಎಡದಂಡೆ ಕಾಲುವೆಗಿಳಿದು ಹಂಚುಗಾಲುವೆಗಳಲ್ಲಿ ಕವಲೊಡೆಯುವಾಗ, ಮೇಲಿನ ಹೊಲದವನು ಕಬ್ಬಿಗೆ ಯಥೇಚ್ಛವಾಗಿ ಹಾಯಿಸಿಕೊಂಡರೆ ತುದಿಯವನ ಪಾಳಿಗೆ ಬರಿಯ ಕೆಸರು ಉಳಿಯುವುದು ಕಾಲುವೆ ಇರುವೆಡೆಯಲ್ಲೆಲ್ಲ ಕಂಡುಬರುವ ವ್ಯಾಜ್ಯ. ಇದನ್ನು ರೈತರೇ ಬಗೆಹರಿಸಿಕೊಳ್ಳಲೆಂದು 2000ರಲ್ಲಿ ನೀರಾವರಿ ಕಾಯಿದೆಗೆ ತಿದ್ದುಪಡಿ ತಂದು, ಕರ್ನಾಟಕವು ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಅಧಿಕಾರವನ್ನಿತ್ತಿತು.

ಇಂಥ ಸುಧಾರಣೆಗಳಿಗೆ ಹಣವೀಯುವ ಸರಕಾರವಾಗಲಿ, ವಿಶ್ವಬ್ಯಾಂಕಿನಂಥ ಸಂಸ್ಥೆಯಾಗಲಿ ಫಲವೇನೆಂದು ಕೇಳುವುದು ಸಹಜವೇ. ಸಂಘಗಳೆಷ್ಟು, ಸಭೆಗಳೆಷ್ಟು, ತರಬೇತಿ ಪಡೆದವರೆಷ್ಟು ಎಂಬುದಕ್ಕೆ ಕಡತದಲ್ಲಿ ಉತ್ತರ ಸಿಗುತ್ತದೆ. ಜಗಳ ಕಡಿಮೆಯಾಯಿತೆ ಎಂಬುದಕ್ಕೆ ಮಾತ್ರ ದೂರುಗಳ ಸಂಖ್ಯೆಯನ್ನೇ ಆಧಾರವಾಗಿ ಹಿಡಿಯುವ ಪ್ರಲೋಭನೆಯುಂಟು. ಆದರೆ ತುದಿಯ ರೈತನು ನೀರಿನ ಆಸೆಯನ್ನೇ ತೊರೆದು ಮಳೆಯನ್ನು ನಂಬಿ ಜೋಳ ಬಿತ್ತಿದರೆ ಆಗಲೂ ದೂರಿರುವುದಿಲ್ಲ. ಅದು ಶಾಂತಿಯಲ್ಲ, ಹತಾಶೆ. ಸಂಘದಲ್ಲಿ ನ್ಯಾಯ ದೊರಕುವುದೆಂಬ ವಿಶ್ವಾಸ ಮೂಡಿದೊಡನೆ, ಅದುವರೆಗೆ ಬಾಯಿಬಿಡದವರೂ ಅರ್ಜಿ ಹಿಡಿದು ಬರುವುದರಿಂದ ದೂರುಗಳು ಏರಲೂಬಹುದು.

ಆದುದರಿಂದ ದೂರಿನ ಎಣಿಕೆಯೊಡನೆ, ದೂರಿತ್ತವರು ಯಾರು, ತೀರ್ಮಾನಕ್ಕೆ ಎಷ್ಟು ದಿನ ಹಿಡಿಯಿತು, ತುದಿಯ ತೂಬಿಗೆ ಪಾಳಿಯ ದಿನ ಎಷ್ಟು ನೀರು ತಲುಪಿತು ಎಂಬುದನ್ನೂ ಬರೆದಿಡಬೇಕು; ಸಂಘ ಹುಟ್ಟುವ ಮುನ್ನಿನ ಸ್ಥಿತಿಯೊಡನೆಯೂ, ಸಂಘವಿಲ್ಲದ ಅಂಥದೇ ಕಾಲುವೆಯೊಡನೆಯೂ ಹೋಲಿಸಬೇಕು. ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳ ಗ್ರಾಮಸಭೆಗಳನ್ನು ಕುರಿತು ಟಿಮೊಥಿ ಬೆಸ್ಲಿ, ರೋಹಿಣಿ ಪಾಂಡೆ, ವಿಜಯೇಂದ್ರ ರಾವ್ ಅವರು 2005ರಲ್ಲಿ ಪ್ರಕಟಿಸಿದ ಅಧ್ಯಯನವು ಸಭೆಗಳನ್ನು ಎಣಿಸಿ ಸುಮ್ಮನಾಗದೆ, ಬಡತನ ರೇಖೆಯ ಕೆಳಗಿನವರಿಗೆ ಮೀಸಲಾದ ಕಾರ್ಡು ಯಾರ ಕೈಸೇರಿತೆಂದು ವಿಚಾರಿಸಿತು; ಸಭೆ ನಡೆದ ಹಳ್ಳಿಗಳಲ್ಲಿ ಭೂಹೀನರಿಗೂ ನಿರಕ್ಷರಿಗಳಿಗೂ ಅದು ಹೆಚ್ಚಾಗಿ ದೊರೆತಿತ್ತು. ಮೊದಲೇ ಚೆನ್ನಾಗಿ ನಡೆಯುವ ಹಳ್ಳಿಯಲ್ಲಿಯೇ ಸಭೆಯೂ ಸೇರುವುದಿರಬಹುದೆಂಬ ಸಂಶಯವನ್ನು ಮಾತ್ರ ಇಂಥ ಹೋಲಿಕೆ ಪೂರ್ತಿಯಾಗಿ ತೊಡೆಯಲಾರದು.

ಅಮೆರಿಕದ ವಿದೇಶಾಭಿವೃದ್ಧಿ ನೆರವಿನ ಸಂಸ್ಥೆಯನ್ನು ಒಮ್ಮೆ ನಡೆಸಿದ್ದ ಆಂಡ್ರೂ ನ್ಯಾಟ್ಸಿಯಸ್, ಸುಲಭವಾಗಿ ಅಳೆಯಬಹುದಾದ ಕಾರ್ಯಕ್ರಮಗಳೇ ಸಮಾಜವನ್ನು ಅತ್ಯಲ್ಪವಾಗಿ ಬದಲಿಸುವಂಥವೆಂದು 2010ರಲ್ಲಿ ವಾದಿಸಿದರು. ಈ ಮಾತನ್ನು ಅಳತೆಯೇ ವ್ಯರ್ಥವೆಂಬ ಅರ್ಥದಲ್ಲಿ ತೆಗೆದುಕೊಳ್ಳಲಾಗದು. ದೂರು ಹೆಚ್ಚಿತೆಂಬ ಕಾರಣಕ್ಕೆ ಜನರ ನೆಚ್ಚಿಕೆ ಗಳಿಸಿದ ಸಂಘದ ಹಣವನ್ನು ತಡೆದು, ಯಾರೂ ಮೆಟ್ಟಿಲು ಹತ್ತದ ಸಂಘಕ್ಕೆ ಪ್ರಶಸ್ತಿಯೀಯುವ ಅವಿವೇಕವನ್ನು ತಪ್ಪಿಸಬೇಕಾದರೆ, ದೂರಿನ ಹಿಂದಿರುವ ರೈತನನ್ನು ಕಂಡು ವಿಚಾರಿಸುವ ಶ್ರಮವನ್ನು ಲೆಕ್ಕಗಾರನು ಮಾಡಲೇಬೇಕು.