ಅಕ್ಕ ಓದಿದ ಚೀಟಿ, ಉಳಿದ ಬೋರ್ಡು
ಜತ್ತದ ಮನೆಯೊಂದರಲ್ಲಿ ಅಂಗೈ ಕಂಪ್ಯೂಟರ್ ಜೋಡಿಸಿದ ಸಂಜೆ

ಜತ್ತ: ‘ಮಾಮಾ, ಈ ವಾಯರ್ ನೆಲದಾಗ ಹುಗಿಬೇಕೇನ್?’

ಪಂಪ್‌ಸೆಟ್ ಪಕ್ಕ ತಗ್ಗು ತೋಡಿ, ಇದ್ದಿಲು, ಉಪ್ಪು ತುಂಬಿ ಅರ್ತಿಂಗ್ ಮಾಡುವುದನ್ನು ನೋಡುತ್ತ ಬೆಳೆದ ಹುಡುಗ. ಕೈಯಲ್ಲಿದ್ದ ಇಂಗ್ಲಿಷ್ ಪುಸ್ತಿಕೆಯಲ್ಲಿ ‘ಗ್ರೌಂಡ್’ ಎಂಬ ಶಬ್ದ ಕಂಡು ಹೀಗೆ ಕೇಳಿದ. ಮೊದಲು ನಗು ಬಂತು. ಆಮೇಲೆ ಯೋಚಿಸಿದರೆ, ತಪ್ಪು ಅವನದೇನಲ್ಲ.

ಹುಡುಗ ಈ ವರದಿಗಾರನ ಅಕ್ಕನ ಮಗ. ಸಾಂಗಲಿ ಜಿಲ್ಲೆ ಜತ್ತ ತಾಲೂಕಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಒಂಬತ್ತನೇ ವರ್ಗ. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ. ದ್ರಾಕ್ಷಿ ತೋಟದ ಉಷ್ಣತೆ, ತೇವಾಂಶ ಅಳೆಯುವ ಕಿಟ್ ಬೇಕೆಂದು ಹಟ ಹಿಡಿದಿದ್ದ. ಗಾಳಿಯಲ್ಲಿ ತೇವ ಹೆಚ್ಚಿದರೆ ದ್ರಾಕ್ಷಿಗೆ ಡೌನಿ ರೋಗದ ಅಂಜಿಕೆ ಹೆಚ್ಚು ಎಂಬುದು ಇಲ್ಲಿನ ಮಕ್ಕಳಿಗೂ ಗೊತ್ತು. ಔಷಧ ಹೊಡೆಯಲು ತೆಗೆದಿಟ್ಟ ರೊಕ್ಕದಲ್ಲೇ ಅವನಪ್ಪ ಕಿಟ್ ತರಿಸಿಕೊಟ್ಟರು. ಸುಟ್ಟರೆ ಇನ್ನೊಂದು ಬರುವುದಿಲ್ಲ ಎಂದೂ ಹೇಳಿದ್ದರು.

ಏನಿದು ಪೈ?

ಕಿಟ್‌ನ ಜೀವಾಳ ರಾಸ್ಪ್‌ಬೆರಿ ಪೈ. ಒಂದೇ ಬೋರ್ಡಿನ ಮೇಲೆ ಇಡೀ ಕಂಪ್ಯೂಟರ್. ಗಾತ್ರ ಹೆಚ್ಚುಕಡಿಮೆ ಎಟಿಎಂ ಕಾರ್ಡಿನಷ್ಟು. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಬೆನ್ ಅಪ್ಟನ್ ಮತ್ತು ಸಂಗಡಿಗರು, ಮಕ್ಕಳು ಕಡಿಮೆ ಖರ್ಚಿನಲ್ಲಿ ಕಂಪ್ಯೂಟರ್ ಬಿಚ್ಚಿ, ಕಟ್ಟಿ ಕಲಿಯಲಿ ಎಂದು ರೂಪಿಸಿದರು. 2012ರ ಫೆಬ್ರುವರಿ 29ರಂದು ಮಾರಾಟಕ್ಕೆ ಬಂತು. ನಮ್ಮ ಮನೆಗೆ ಬಂದದ್ದು 2019ರಲ್ಲಿ ಹೊರಬಂದ ನಾಲ್ಕನೇ ಮಾದರಿ. ಇದರಲ್ಲಿ ಹಾರ್ಡ್ ಡಿಸ್ಕ್ ಇಲ್ಲ. ಉಗುರಿನಷ್ಟಿರುವ ಮೆಮೊರಿ ಕಾರ್ಡೇ ಎಲ್ಲ. ಅಂಚಿನಲ್ಲಿ ಎರಡು ಸಾಲು, ಒಟ್ಟು 40 ಪಿನ್ನು. ಸೆನ್ಸರ್‌ನ ವಾಯರ್ ಸಿಕ್ಕಿಸುವುದು ಅಲ್ಲೇ.

ಈ ‘ಗ್ರೌಂಡ್’ಗೂ ತಗ್ಗಿಗೂ ಸಂಬಂಧವಿಲ್ಲ. ಹೋದ ಕರೆಂಟು ವಾಪಸ್ ಬರುವ ದಾರಿ ಅದು. ಇಷ್ಟು ಹೇಳಿದ ಮೇಲೆ ಇಡೀ ಪುಸ್ತಿಕೆಯನ್ನೇ ಕನ್ನಡದಲ್ಲಿ ಒಂದು ಹಾಳೆಗೆ ಇಳಿಸಿಕೊಟ್ಟೆ. ಕೆಂಪು ವಾಯರ್ 1ಕ್ಕೆ, ಕಪ್ಪು 6ಕ್ಕೆ, ಹಳದಿ 3ಕ್ಕೆ, ಹಸಿರು 5ಕ್ಕೆ. ಎಣಿಕೆ ಮೆಮೊರಿ ಕಾರ್ಡಿನ ಕಡೆಯಿಂದ. 1, 3, 5 ಒಳಗಿನ ಸಾಲು. 2, 4, 6 ಅಂಚಿನ ಸಾಲು.

ತಾಯಿ ಹಿಡಿದ ತಪ್ಪು

ಸಂಜೆ ಜೋಡಣೆ ಶುರು. ಚಿಪ್‌ನ ಬಿಸಿ ಎಳೆಯುವ ಅಲ್ಯೂಮಿನಿಯಂ ತುಂಡು ಅಂಟಿಸಿದ್ದಾಯಿತು. ಕಾರ್ಡ್ ಹಾಕಿದ್ದಾಯಿತು. ವಾಯರ್ ನಾಲ್ಕೂ ಕೂತವು. ಹುಡುಗ ಸ್ವಿಚ್ಚಿಗೆ ಕೈಹಾಕಿದ. ‘ತಡಿ, ನಾ ಓದ್ತೀನಿ. ನೀ ಬೊಟ್ಟು ಇಡು’ ಎಂದಳು ಅಕ್ಕ.

ಅಕ್ಕ ಕಲಿತದ್ದು ಏಳನೇತ್ತ, ಕನ್ನಡದಲ್ಲಿ. ಕಂಪ್ಯೂಟರ್ ಮುಟ್ಟಿದವಳಲ್ಲ. ‘ಕೆಂಪು, ಒಂದು’ ಎಂದು ಓದಿ ಬಗ್ಗಿ ನೋಡಿದಳು. ‘ಒಳಗಿನ ಸಾಲು ಅಂತ ಬರ್ದಾನ ನಿಮ್ಮ ಮಾಮಾ. ನೀ ಅಂಚಿನಾಗ ಹಾಕಿಯಲ್ಲೋ.’

ಹೌದು. ಕೆಂಪು ವಾಯರ್ 2ನೇ ಪಿನ್ನಿನಲ್ಲಿತ್ತು. 1ರಲ್ಲಿ ಬರುವುದು 3.3 ವೋಲ್ಟ್, ಪಕ್ಕದ 2ರಲ್ಲಿ 5 ವೋಲ್ಟ್. ನಮ್ಮ ಸೆನ್ಸರ್ 3.3ರದು. ಸ್ವಿಚ್ ಹಾಕಿದ್ದರೆ ಅದು ಸುಡಬಹುದಿತ್ತು, ಬೋರ್ಡಿಗೂ ಪೆಟ್ಟಾಗಬಹುದಿತ್ತು. ಈ ಬೋರ್ಡಿನ ಪಿನ್ನುಗಳ ಪಕ್ಕ ಅಂಕಿ ಅಚ್ಚಾಗಿಲ್ಲ. ಎಣಿಸಿಯೇ ಹಾಕಬೇಕು. ಮೊದಲು ನೋಡಿದಾಗ ನನ್ನ ಕಣ್ಣೂ ತಪ್ಪಿತ್ತು. ಪುಸ್ತಿಕೆ ಇಂಗ್ಲಿಷಿನಲ್ಲೇ ಉಳಿದಿದ್ದರೆ ಅಕ್ಕ ಒಲೆಯ ಮುಂದೆಯೇ ಇರುತ್ತಿದ್ದಳು.

ಮಿಂಚು ಬಂತು, ಮಳಿ ಎಲ್ಲಿ?

ವಾಯರ್ ಸರಿಪಡಿಸಿ ಸ್ವಿಚ್ ಹಾಕಿದರೆ ಟಿವಿ ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು. ‘ಮಿಂಚು ಬಂತು, ಮಳಿ ಎಲ್ಲೈತಿ?’ ಎಂದರು ಮುತ್ಯಾ. ಬೋರ್ಡಿಗೆ ವೋಲ್ಟೇಜ್ ಸಾಲುತ್ತಿಲ್ಲ ಎಂಬುದರ ಸೂಚನೆ ಅದು. ಮೊಬೈಲ್ ಚಾರ್ಜರ್ ತೆಗೆದು 5 ವೋಲ್ಟ್, 3 ಆಂಪಿಯರ್‌ನ ಅಡಾಪ್ಟರ್ ಹಾಕಿದ ಮೇಲೆ ಮಿಂಚು ಹೋಯಿತು.

ಕನ್ನಡ ಮೂಡಲು ಇನ್ನೊಂದು ತಾಪತ್ರಯ. ಫಾಂಟ್ ಹಾಕುವ ತನಕ ಅಕ್ಷರದ ಜಾಗದಲ್ಲಿ ಬರೀ ಚೌಕ. ‘ನವಿಲು’ ಎಂಬ ಉಚಿತ ಕನ್ನಡ ಫಾಂಟ್ ಹಾಕಿದ ಮೇಲೆ ‘ಉಷ್ಣತೆ’, ‘ತೇವಾಂಶ’ ಎಂದು ಮೂಡಿತು. ಆದರೆ ಉಷ್ಣತೆ ಗೋಡೆಯ ಥರ್ಮಾಮೀಟರ್‌ಗಿಂತ ಬಹಳ ಹೆಚ್ಚು. ಸೆನ್ಸರನ್ನೂ ಬೋರ್ಡಿನ ಜತೆ ಒಂದೇ ಡಬ್ಬಿಯಲ್ಲಿ ಮುಚ್ಚಿದ್ದೆವು. ಅದು ಅಳೆದದ್ದು ಬೋರ್ಡಿನ ಬಿಸಿಯನ್ನೇ. ಡಬ್ಬಿಗೆ ತೂತು ಕೊರೆದು ಸೆನ್ಸರ್ ಹೊರಗೆ ನೆರಳಿಗೆ ತೂಗಿಬಿಟ್ಟ ಮೇಲೆ ಅಂಕಿ ಇಳಿಯಿತು. ಕೊನೆಯ ಸ್ಕ್ರೂ ತಿರುಗಿಸಿದಾಗ ರಾತ್ರಿ ಹತ್ತೂವರೆ.

ಕಿಟ್ ಕಟ್ಟುವ ಗಡಿಭಾಗದ ಮಕ್ಕಳಿಗೆ ಇನ್ನೊಂದು ಮಾತು. ನಮ್ಮ ಕಡೆ ಕರೆಂಟಿನ ಭರವಸೆ ಇಲ್ಲ. ಕಂಪ್ಯೂಟರ್ ನಡೆಯುತ್ತಿರುವಾಗ ಒಮ್ಮೆಲೇ ಕರೆಂಟ್ ಹೋದರೆ ಮೆಮೊರಿ ಕಾರ್ಡ್ ಕೆಡುವ ಸಂಭವವಿದೆ. ಕಾರ್ಡಿನ ಒಂದು ನಕಲು ತೆಗೆದಿಡಿ. ನಿಲ್ಲಿಸುವಾಗ ಶಟ್‌ಡೌನ್ ಮಾಡಿಯೇ ಸ್ವಿಚ್ ತೆಗೆಯಿರಿ.

ಯಂತ್ರ ಈಗ ತೋಟದ ಮನೆಯ ಜಂತಿಗೆ ತೂಗುತ್ತಿದೆ. ಔಷಧ ಯಾವಾಗ ಹೊಡೆಯಬೇಕೆಂದು ಅದು ಹೇಳುವುದಿಲ್ಲ, ಅಂಕಿ ಅಷ್ಟೇ ಕೊಡುತ್ತದೆ. ಮುತ್ಯಾ ಬೆಳಿಗ್ಗೆ ಅಂಕಿ ಕೇಳಿಸಿಕೊಂಡು, ನಂತರ ಎಲೆ ತಿರುವಿ ನೋಡಿಯೇ ನಿರ್ಧಾರ ಮಾಡುತ್ತಾರೆ. ಕನ್ನಡದ ಹಾಳೆಗೆ ಅರಿಷಿಣದ ಕಲೆ ಹತ್ತಿದೆ. ಹುಡುಗ ಅದರ ಎರಡು ಝೆರಾಕ್ಸ್ ತೆಗೆಸಿದ್ದಾನೆ. ವರ್ಗದ ಗೆಳೆಯರಿಬ್ಬರು ಕೇಳಿದ್ದಾರಂತೆ. ಪ್ರತಿಯ ಕೆಳಗೆ ತಾನೇ ಒಂದು ಸಾಲು ಸೇರಿಸಿದ್ದಾನೆ: ‘ಸ್ವಿಚ್ ಹಾಕುವ ಮೊದಲು ಅವ್ವನ ಕಡೆ ಓದಿಸಬೇಕು.’