ಅಮೈನೋ ಆಮ್ಲಗಳೂ ಸ್ನಾಯುವೃದ್ಧಿಯೂ

ವ್ಯಾಯಾಮಶಾಲೆಗೆ ಹೋಗುವ ವಿದ್ಯಾರ್ಥಿಗಳಲ್ಲಿ ಹಲವರು ಲ್ಯೂಸೀನ್, ಐಸೊಲ್ಯೂಸೀನ್, ವ್ಯಾಲೀನ್ ಎಂಬ ಮೂರು ಅಮೈನೋ ಆಮ್ಲಗಳ ಪುಡಿಯನ್ನು ನೀರಿನಲ್ಲಿ ಕದಡಿ ಕುಡಿಯುವುದುಂಟು. ಅದರ ಬೆಲೆಯೇನೂ ಅಲ್ಪವಲ್ಲ. ಇದರಿಂದ ಸ್ನಾಯು ಬೆಳೆಯುವುದೆಂಬ ನಂಬಿಕೆಗೆ ಆಧಾರವೆಷ್ಟೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಈ ನಂಬಿಕೆ ಕೇವಲ ವರ್ತಕರ ಸೃಷ್ಟಿಯೆನ್ನಲಾಗದು. ಸ್ನಾಯುವಿನ ಪ್ರೋಟೀನು ಸದಾ ಒಡೆಯುತ್ತಲೂ ಹೊಸದಾಗಿ ರಚಿತವಾಗುತ್ತಲೂ ಇರುತ್ತದೆ. ರಚನೆಯು ಒಡೆತವನ್ನು ಮೀರಿದಾಗ ಮಾತ್ರ ಸ್ನಾಯು ಬೆಳೆಯುತ್ತದೆ. ಭಾರವೆತ್ತುವ ವ್ಯಾಯಾಮವು ರಚನೆಯನ್ನು ಪ್ರಚೋದಿಸುತ್ತದೆ. ಲ್ಯೂಸೀನೂ ಜೀವಕೋಶದೊಳಗಿನ ಎಂಟಾರ್ ಎಂಬ ನಿಯಂತ್ರಕವನ್ನು ಚುರುಕುಗೊಳಿಸಿ ರಚನೆಗೆ ಅಪ್ಪಣೆ ಕೊಡುತ್ತದೆ. ಇಷ್ಟು ನಿಜ. ಆದರೆ ಅಪ್ಪಣೆಯೊಂದರಿಂದಲೇ ಮನೆ ಏಳುವುದಿಲ್ಲ. ಪ್ರೋಟೀನಿನ ರಚನೆಗೆ 20 ಬಗೆಯ ಅಮೈನೋ ಆಮ್ಲಗಳು ಬೇಕು. ಅವುಗಳಲ್ಲಿ 9ನ್ನು ದೇಹವು ತಾನಾಗಿ ತಯಾರಿಸಲಾರದು; ಪುಡಿಯಲ್ಲಿರುವುದು 3 ಮಾತ್ರ. ಉಳಿದ 6 ಆಹಾರದಿಂದ ಬಾರದಿದ್ದರೆ ದೇಹದ ಪ್ರೋಟೀನನ್ನೇ ಒಡೆದು ಒದಗಿಸಬೇಕು. ಒಂದು ಗೋಡೆಯ ಇಟ್ಟಿಗೆ ಕಿತ್ತು ಇನ್ನೊಂದನ್ನು ಕಟ್ಟಿದರೆ ಮನೆ ದೊಡ್ಡದಾಗುವುದೆ? 2017ರಲ್ಲಿ ರಾಬರ್ಟ್ ವುಲ್ಫ್ ಎತ್ತಿದ ಆಕ್ಷೇಪದ ತಿರುಳು ಇದೇ. ಈ ಮೂರನ್ನೇ ರಕ್ತನಾಳದ ಮೂಲಕ ಕೊಟ್ಟ ಎರಡು ಪ್ರಯೋಗಗಳಲ್ಲಿ ಒಡೆತದೊಡನೆ ರಚನೆಯೂ ತಗ್ಗಿದ್ದಿತೆಂದು ಅವರು ತೋರಿಸಿಕೊಟ್ಟರು.

ಅದೇ ವರ್ಷ ಜ್ಯಾಕ್‌ಮನ್ ಮತ್ತು ಸಂಗಡಿಗರ ಪ್ರಯೋಗವೊಂದು ಪ್ರಕಟವಾಯಿತು. ಅಭ್ಯಾಸವುಳ್ಳ 10 ಮಂದಿ ತರುಣರು ವ್ಯಾಯಾಮದ ಬಳಿಕ ಈ ಆಮ್ಲಗಳನ್ನು 5.6 ಗ್ರಾಂ ಸೇವಿಸಿದಾಗ ಸ್ನಾಯುಪ್ರೋಟೀನಿನ ರಚನೆ ಶೇಕಡ 22ರಷ್ಟು ಹೆಚ್ಚಿತು. ಮಾರುವವರು ಇಷ್ಟನ್ನೇ ಹೇಳಿ ನಿಲ್ಲಿಸುತ್ತಾರೆ. ಇವೇ ಮೂರು ಆಮ್ಲಗಳನ್ನು ಸುಮಾರಾಗಿ ಅಷ್ಟೇ ಪ್ರಮಾಣದಲ್ಲಿ ಉಳ್ಳ, ಆದರೆ ಉಳಿದವುಗಳನ್ನೂ ಒಳಗೊಂಡ ಹಾಲಿನ ಪ್ರೋಟೀನಿನಿಂದ ಹಿಂದೊಮ್ಮೆ ಕಂಡ ಏರಿಕೆ ಇದರ ಸುಮಾರು ಇಮ್ಮಡಿಯಾಗಿದ್ದಿತು. ಅಲ್ಲದೆ ಇವೆಲ್ಲ ಕೆಲವು ಗಂಟೆಗಳ ಅಳತೆಗಳು, ತಿಂಗಳುಗಳ ಬೆಳವಣಿಗೆಯಲ್ಲ.

ತಿಂಗಳುಗಳ ಮಾತಿಗೆ ಬಂದರೆ, 2018ರಲ್ಲಿ ಮಾರ್ಟನ್ ಮತ್ತು ಸಂಗಡಿಗರು 49 ಪ್ರಯೋಗಗಳ 1,863 ಜನರ ಫಲಿತಾಂಶಗಳನ್ನು ಒಟ್ಟುಗೂಡಿಸಿದರು. ಸಂಪೂರ್ಣ ಪ್ರೋಟೀನಿನ ಪೂರಕದಿಂದಲೂ ಕೊಬ್ಬಿಲ್ಲದ ದೇಹಭಾರದಲ್ಲಿ ದೊರೆತ ಹೆಚ್ಚುವರಿ ಲಾಭ ಸರಾಸರಿ 0.3 ಕಿಲೋಗ್ರಾಂ. ದಿನದ ಒಟ್ಟು ಪ್ರೋಟೀನು ಕಿಲೋಗ್ರಾಂ ದೇಹತೂಕಕ್ಕೆ 1.6 ಗ್ರಾಮನ್ನು ದಾಟಿದ ಮೇಲೆ ಅದೂ ಕಾಣಲಿಲ್ಲ.

60 ಕಿಲೋಗ್ರಾಂ ತೂಕದವನಿಗೆ ಇದು 96 ಗ್ರಾಂ ಆಗುತ್ತದೆ. ಅನ್ನ ಸಾರುಗಳಲ್ಲೇ ದಿನ ಕಳೆಯುವ ವಿದ್ಯಾರ್ಥಿಗೆ ಇಷ್ಟು ದೊರೆಯದು. ಅವನಿಗೆ ಕೊರತೆಯಿರುವುದು ನಿಜವೇ. ಆದರೆ ಅಕ್ಕಿ ಮೊದಲಾದ ಧಾನ್ಯಗಳಲ್ಲಿ ಮುಖ್ಯವಾಗಿ ಕಡಿಮೆಯಾಗಿರುವುದು ಲೈಸೀನು, ಪುಡಿಯಲ್ಲಿ ಅದಿಲ್ಲ. ಬೇಳೆಯಲ್ಲಿ ಅದು ಧಾರಾಳವಾಗಿದೆ. ಹಾಲು, ಮೊಟ್ಟೆಗಳಲ್ಲಿ 9 ಆಮ್ಲಗಳೂ ಉಂಟು. ಪುಡಿಗೆ ತೆರುವ ಹಣವನ್ನು ಇವುಗಳಿಗೆ ತೆರುವುದೇ ಯುಕ್ತವೆಂದು ನಮಗೆ ತೋರುತ್ತದೆ. ಮೂತ್ರಪಿಂಡದ ರೋಗವುಳ್ಳವರು ಮಾತ್ರ ವೈದ್ಯರನ್ನು ಕೇಳದೆ ಪ್ರೋಟೀನನ್ನು ಹೆಚ್ಚಿಸಕೂಡದು.